ಏಪ್ರಿಲ್ 18: ಒಂದೇ ತಾರೀಖಿಗೆ ಇಷ್ಟೊಂದು ಆಟಗಳ ನೆನಪು ಹೇಗೆ?

ಆರ್‌ಸಿಬಿ ಅಭಿಮಾನಿಗಳಿಗೆ ಏಪ್ರಿಲ್ 18 ಅಂದರೆ 2008, ಚಿನ್ನಸ್ವಾಮಿ ಸ್ಟೇಡಿಯಂ, ಬ್ರೆಂಡನ್ ಮೆಕಲಮ್. ಖುಷಿಯ ನೆನಪೇನಲ್ಲ ಬಿಡಿ. ಆದರೂ ಆ ತಾರೀಖು ಬಂದ ಕೂಡಲೇ ‘ಇತಿಹಾಸದಲ್ಲಿ ಈ ದಿನ’ ಅಂತ ಮೊಬೈಲಿಗೆ ಒಂದರ ಹಿಂದೆ ಒಂದು ಪೋಸ್ಟ್ ಬರುತ್ತವೆ. ಶಾರ್ಜಾದಲ್ಲಿ ಮಿಯಾಂದಾದ್ ಹೊಡೆದ ಸಿಕ್ಸರ್. ಲಾರಾ ಅವರ 375. ಇಲ್ಲಿಯವರೆಗೆ ಸರಿ, ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ಬೇಬ್ ರೂತ್, ವೇಯ್ನ್ ಗ್ರೆಟ್ಸ್ಕಿ, ಬಿಲ್ ರಸೆಲ್ ಅಂತ ಹೆಸರುಗಳು ಶುರುವಾಗುತ್ತವೆ. ಬೆಳಗಿನ ಜಾವ ನಾಲ್ಕರವರೆಗೆ ನಡೆದ ಬೇಸ್‌ಬಾಲ್ ಪಂದ್ಯ ಅಂತೆ. ಎಲ್ಲರಿಗಿಂತ ವೇಗವಾಗಿ ಓಡಿದರೂ ವಿಶ್ವದಾಖಲೆ ಸಿಗದ ಕೀನ್ಯಾದ ಓಟಗಾರನಂತೆ.

ಕ್ರಿಕೆಟ್ ಅರೆದು ಕುಡಿದವರಿಗೂ ಇದರಲ್ಲಿ ಅರ್ಧ ತಲೆಗೆ ಹತ್ತುವುದಿಲ್ಲ. ಯಾಕೆಂದರೆ ಪ್ರತಿ ನೆನಪಿನ ಹಿಂದೆ ಆ ಆಟದ ಒಂದು ನಿಯಮ, ಇಲ್ಲವೇ ದುಡ್ಡಿನ ಒಂದು ವ್ಯವಸ್ಥೆ ಇರುತ್ತದೆ. ಅದು ಗೊತ್ತಾದರೆ ಮಾತ್ರ ಆ ಕ್ಷಣ ಯಾಕೆ ದೊಡ್ಡದು ಅನ್ನೋದು ಅರ್ಥವಾಗುತ್ತದೆ. ಈ ಒಂದು ತಾರೀಖನ್ನೇ ಹಿಡಿದು ಅವನ್ನು ಬಿಡಿಸಿ ನೋಡೋಣ.

ಮೊದಲು ಕ್ಯಾಲೆಂಡರ್

ವೃತ್ತಿಪರ ಕ್ರೀಡೆ ಅಂದರೆ ಆಡುವುದೇ ಕೆಲಸ. ಆಟಗಾರನಿಗೆ ಸಂಬಳ ಇದೆ, ನೋಡುವವನಿಗೆ ಟಿಕೆಟ್ ಇದೆ, ಟಿವಿಯವರು ಕೊಡುವ ದುಡ್ಡಿದೆ. ದುಡ್ಡು ಬಂದಮೇಲೆ ವೇಳಾಪಟ್ಟಿ ಬರಲೇಬೇಕು. ಹಾಗಾಗಿ ಪ್ರತಿ ಆಟಕ್ಕೂ ಒಂದು ಸೀಸನ್ ಇದೆ. ಅದು ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ವಾರ ಶುರುವಾಗುತ್ತದೆ, ಅದೇ ವಾರ ಮುಗಿಯುತ್ತದೆ.

ಈ ಲೆಕ್ಕದಲ್ಲಿ ಏಪ್ರಿಲ್ ನಡುಭಾಗ ಸ್ವಲ್ಪ ವಿಶೇಷ. ಅಮೆರಿಕದಲ್ಲಿ ಬೇಸ್‌ಬಾಲ್ ಆಗತಾನೇ ಶುರುವಾಗಿರುತ್ತದೆ. ಅಲ್ಲಿಯ ಐಸ್ ಹಾಕಿ ಮತ್ತು ಬ್ಯಾಸ್ಕೆಟ್‌ಬಾಲ್‌ನಲ್ಲಿ ಲೀಗ್ ಹಂತ ಮುಗಿದು ನಾಕೌಟ್ ಹತ್ತಿರ ಬಂದಿರುತ್ತದೆ. ಯುರೋಪಿನ ಫುಟ್‌ಬಾಲ್ ಕೊನೆಯ ಸುತ್ತಿನಲ್ಲಿರುತ್ತದೆ. ವೆಸ್ಟ್ ಇಂಡೀಸ್‌ನಲ್ಲಿ ಟೆಸ್ಟ್ ಸರಣಿಗಳ ಕೊನೆಯ ಪಂದ್ಯಗಳು ನಡೆಯುವ ಹೊತ್ತು. ಗಲ್ಫ್‌ನಲ್ಲಿ ಬಿಸಿಲು ತಡೆಯಲಾಗದಷ್ಟು ಏರುವ ಮುಂಚಿನ ಕೊನೆಯ ಅವಕಾಶ. ನಮ್ಮಲ್ಲಿ ಮಕ್ಕಳಿಗೆ ಬೇಸಿಗೆ ರಜೆ, ಐಪಿಎಲ್. ಬಾಸ್ಟನ್ ಮ್ಯಾರಥಾನ್ ನಡೆಯುವುದು ಏಪ್ರಿಲ್ ತಿಂಗಳ ಮೂರನೇ ಸೋಮವಾರ. ಅಂದರೆ 15ರಿಂದ 21ರ ಒಳಗೆ ಯಾವುದೋ ಒಂದು ದಿನ.

ಒಂದು ಆಟ ಬಾಗಿಲು ತೆರೆಯುವಾಗ ಇನ್ನೊಂದು ಬಾಗಿಲು ಹಾಕುತ್ತಿರುತ್ತದೆ. ಜನ ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಮೊದಲನೆಯದನ್ನು ಅಥವಾ ಕೊನೆಯದನ್ನು. ಎರಡೂ ಏಪ್ರಿಲ್‌ನಲ್ಲಿ ಸಿಗುತ್ತವೆ.

ಉಳಿದದ್ದು ಲೆಕ್ಕಾಚಾರ. ಆರ್‌ಸಿಬಿಯವರಿಗೆ ಏಪ್ರಿಲ್ 23ರ ಕಥೆ ಗೊತ್ತು. 2013ರ ಆ ದಿನ ಕ್ರಿಸ್ ಗೇಲ್ ಔಟಾಗದೆ 175 ಹೊಡೆದರು. 2017ರ ಅದೇ ದಿನ ತಂಡ 49ಕ್ಕೆ ಆಲೌಟ್. ಕೇಳಿದರೆ ಏನೋ ಗ್ರಹಚಾರ ಅನ್ನಿಸುತ್ತದೆ. ಆದರೆ ಐಪಿಎಲ್‌ನಲ್ಲಿ ಒಂದು ತಂಡ ಸುಮಾರು ಎಂಟು ವಾರದಲ್ಲಿ 14 ಲೀಗ್ ಪಂದ್ಯ ಆಡುತ್ತದೆ. ಅಂದರೆ ನಾಲ್ಕು ದಿನಕ್ಕೊಂದು. ಏಪ್ರಿಲ್‌ನ ಯಾವ ತಾರೀಖನ್ನೇ ಹಿಡಿದರೂ ಇಷ್ಟು ವರ್ಷದಲ್ಲಿ ಆರ್‌ಸಿಬಿ ಕೆಲವು ಸಲವಾದರೂ ಆ ದಿನ ಆಡಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ಒಂದು ತುಂಬಾ ಚೆನ್ನಾಗಿ, ಇನ್ನೊಂದು ತುಂಬಾ ಕೆಟ್ಟದಾಗಿ ಹೋಗಿದ್ದರೆ ಅದರಲ್ಲಿ ಪವಾಡ ಏನಿಲ್ಲ.

2008, ಬೆಂಗಳೂರು: 222 ಮತ್ತು 82

ಅಂದು ಶುಕ್ರವಾರ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಒಂದು ಕಡೆ ರಾಹುಲ್ ದ್ರಾವಿಡ್ ನಾಯಕತ್ವದ ಬೆಂಗಳೂರು, ಇನ್ನೊಂದು ಕಡೆ ಸೌರವ್ ಗಂಗೂಲಿ ನಾಯಕತ್ವದ ಕೋಲ್ಕತ್ತಾ. ದ್ರಾವಿಡ್ ಟಾಸ್ ಗೆದ್ದು ಫೀಲ್ಡಿಂಗ್ ಆರಿಸಿಕೊಂಡರು.

ಮೆಕಲಮ್ ನ್ಯೂಜಿಲೆಂಡ್‌ನ ವಿಕೆಟ್ ಕೀಪರ್. ಕೋಲ್ಕತ್ತಾ ತಂಡ ಹರಾಜಿನಲ್ಲಿ 7 ಲಕ್ಷ ಡಾಲರ್ ಕೊಟ್ಟು ತಂದಿತ್ತು. ಅವರು 73 ಎಸೆತಗಳಲ್ಲಿ ಔಟಾಗದೆ 158 ಹೊಡೆದರು. 13 ಸಿಕ್ಸರ್, 10 ಬೌಂಡರಿ. ಆಗಿನ್ನೂ ಟಿ20ಯಲ್ಲಿ ಒಬ್ಬನೇ ಶತಕ ಹೊಡೆಯುವುದೇ ಅಪರೂಪ. ತಂಡದ ಮೊತ್ತ 3 ವಿಕೆಟ್‌ಗೆ 222.

ಉತ್ತರವಾಗಿ ಬೆಂಗಳೂರು 15.1 ಓವರ್‌ನಲ್ಲಿ 82ಕ್ಕೆ ಮುಗಿಯಿತು. ಸ್ಕೋರ್ ಕಾರ್ಡ್ ಈಗ ತೆಗೆದು ನೋಡಿದರೂ ಹೊಟ್ಟೆ ಉರಿಯುತ್ತದೆ. ದ್ರಾವಿಡ್ 2, ಜಾಕ್ ಕಾಲಿಸ್ 8, ವಿರಾಟ್ ಕೊಹ್ಲಿ 1. ಎರಡಂಕಿ ಮುಟ್ಟಿದ್ದು ಪ್ರವೀಣ್ ಕುಮಾರ್ ಒಬ್ಬರೇ, 18. ಎದುರಾಳಿಗಳು ಬಿಟ್ಟುಕೊಟ್ಟ ಎಕ್ಸ್‌ಟ್ರಾ ರನ್ 19! ಅಂದರೆ ನಮ್ಮ ಯಾವ ಬ್ಯಾಟ್ಸ್‌ಮನ್‌ಗಿಂತಲೂ ಎಕ್ಸ್‌ಟ್ರಾನೇ ಜಾಸ್ತಿ. ಸೋಲು 140 ರನ್‌ಗಳಿಂದ.

ಒಂದು ಸಣ್ಣ ಮಾತು. ಆ ದಿನವೇ ಕೆ.ಎಲ್. ರಾಹುಲ್‌ಗೆ 16 ತುಂಬಿತ್ತು. ಹುಟ್ಟಿದ್ದು ಬೆಂಗಳೂರಿನಲ್ಲಿ, 1992ರ ಏಪ್ರಿಲ್ 18. ಬೆಳೆದಿದ್ದು ಮಂಗಳೂರಿನ ಕಡೆ.

ಈ ತಾರೀಖು ಆರ್‌ಸಿಬಿಗೆ ಆಗಿಬರಲ್ಲ ಅನ್ನುವವರು ಇನ್ನೂ ಒಂದು ಸಾಕ್ಷಿ ಕೊಡುತ್ತಾರೆ. 2025ರ ಏಪ್ರಿಲ್ 18, ಅದೇ ಚಿನ್ನಸ್ವಾಮಿ. ಮಳೆ ಬಂದು ಪಂದ್ಯ 14 ಓವರ್‌ಗೆ ಇಳಿಯಿತು. ಆರ್‌ಸಿಬಿ 9 ವಿಕೆಟ್‌ಗೆ 95, ಗೆದ್ದಿದ್ದು ಪಂಜಾಬ್. ಆದರೆ 2021ರ ಇದೇ ದಿನ ಚೆನ್ನೈನಲ್ಲಿ ಇದೇ ಕೋಲ್ಕತ್ತಾವನ್ನು ಆರ್‌ಸಿಬಿ 38 ರನ್‌ಗಳಿಂದ ಸೋಲಿಸಿತ್ತು. ಅದನ್ನು ಯಾರೂ ಪೋಸ್ಟ್ ಮಾಡುವುದಿಲ್ಲ, ಅಲ್ವಾ? ‘ಈ ದಿನ’ದ ಪಟ್ಟಿಗಳು ಹುಟ್ಟುವುದೇ ಹೀಗೆ. ಕಥೆಗೆ ಹೊಂದುವುದು ಉಳಿಯುತ್ತದೆ, ಹೊಂದದ್ದು ಬಿದ್ದುಹೋಗುತ್ತದೆ.

ಫ್ರಾಂಚೈಸಿ ಅಂದರೆ ಏನು?

2008ರ ಪಂದ್ಯ ದೊಡ್ಡದಾಗಿದ್ದು ಮೆಕಲಮ್‌ನಿಂದ ಮಾತ್ರ ಅಲ್ಲ. ಅಲ್ಲಿಯವರೆಗೆ ನಮ್ಮಲ್ಲಿ ತಂಡ ಅಂದರೆ ರಾಜ್ಯ ಅಥವಾ ದೇಶ. ಕರ್ನಾಟಕದವನು ಕರ್ನಾಟಕಕ್ಕೆ ಆಡುತ್ತಿದ್ದ. ಐಪಿಎಲ್‌ನಲ್ಲಿ ಮೊದಲ ಸಲ ತಂಡಕ್ಕೆ ಮಾಲೀಕ ಬಂದ, ಆಟಗಾರನಿಗೆ ಹರಾಜಿನ ಬೆಲೆ ಬಂತು.

ಇದನ್ನು ಹೀಗೆ ಯೋಚಿಸಿ. ಹೆಸರಾಂತ ಹೋಟೆಲೊಂದು ನಿಮ್ಮ ಊರಿನಲ್ಲಿ ಶಾಖೆ ತೆರೆಯಲು ಒಬ್ಬರಿಗೆ ಹಕ್ಕು ಕೊಡುತ್ತದೆ. ಬೋರ್ಡ್, ಮೆನು, ನಿಯಮ ಎಲ್ಲ ಮೂಲ ಹೋಟೆಲಿನದು. ದುಡ್ಡು ಹಾಕುವುದು, ಅಡುಗೆಯವರನ್ನು ಹುಡುಕುವುದು, ಲಾಭನಷ್ಟ ಎಲ್ಲ ಶಾಖೆಯವರದು. ಫ್ರಾಂಚೈಸಿ ಅಂದರೆ ಇದೇ. ಲೀಗ್ ಬಿಸಿಸಿಐನದು, ಬೆಂಗಳೂರಿನ ಹಕ್ಕು ಕೊಂಡವರದು. 2008ರಲ್ಲಿ ಆ ಹಕ್ಕು ಹೋಗಿದ್ದು 11.16 ಕೋಟಿ ಡಾಲರ್‌ಗೆ. ಮುಂಬೈ ಬಿಟ್ಟರೆ ಅದೇ ಅತಿ ದುಬಾರಿ.

ಇಂಥ ಲೀಗ್‌ನಲ್ಲಿ ಕೊನೆಯ ಸ್ಥಾನ ಬಂದರೂ ಯಾರನ್ನೂ ಹೊರಗೆ ಹಾಕುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ತಂಡಗಳು. ಇದಕ್ಕೆ ಮುಚ್ಚಿದ ಲೀಗ್ ಅನ್ನಬಹುದು. ಇದು ಅಮೆರಿಕದ ಪದ್ಧತಿ. ಅಲ್ಲಿ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಎಲ್ಲವೂ ಹೀಗೇ ನಡೆಯುತ್ತವೆ. ದುಡ್ಡು ಹಾಕಿದವರಿಗೆ ತಂಡ ಏಕಾಏಕಿ ಬೆಲೆ ಕಳೆದುಕೊಳ್ಳುವ ಭಯ ಇಲ್ಲ.

ಯುರೋಪಿನ ಫುಟ್‌ಬಾಲ್ ಹಾಗಲ್ಲ. ಅಲ್ಲಿ ಲೀಗ್‌ಗಳು ಒಂದರ ಕೆಳಗೊಂದು ಇವೆ. ಮೇಲಿನ ಲೀಗ್‌ನ ಕೊನೆಯ ತಂಡಗಳು ಕೆಳಗಿಳಿಯುತ್ತವೆ, ಕೆಳಗೆ ಗೆದ್ದವು ಮೇಲೆ ಬರುತ್ತವೆ. ಸಣ್ಣ ಊರಿನ ಕ್ಲಬ್ ಕೂಡ ಗೆಲ್ಲುತ್ತಾ ಹೋದರೆ ಒಂದು ದಿನ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಆಡಬಹುದು.

2021: ಮೂರು ದಿನವೂ ಬಾಳದ ಲೀಗ್

ಈ ವ್ಯತ್ಯಾಸ ಗೊತ್ತಿದ್ದರೆ 2021ರ ಏಪ್ರಿಲ್ 18ರ ಗಲಾಟೆ ಸುಲಭವಾಗಿ ಅರ್ಥವಾಗುತ್ತದೆ. ಆ ಭಾನುವಾರ ರಾತ್ರಿ 12 ಫುಟ್‌ಬಾಲ್ ಕ್ಲಬ್‌ಗಳು ಒಟ್ಟಾಗಿ ‘ಯುರೋಪಿಯನ್ ಸೂಪರ್ ಲೀಗ್’ ಮಾಡುತ್ತೇವೆ ಅಂದವು. ಇಂಗ್ಲೆಂಡಿನ ಆರು, ಸ್ಪೇನಿನ ಮೂರು, ಇಟಲಿಯ ಮೂರು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಲಿವರ್‌ಪೂಲ್, ಯುವೆಂಟಸ್ ಎಲ್ಲ ಇದ್ದವು. ಒಟ್ಟು 20 ತಂಡ, ಅದರಲ್ಲಿ 15 ಸಂಸ್ಥಾಪಕರಿಗೆ ಜಾಗ ಕಾಯಂ. ಎಷ್ಟು ಸೋತರೂ ಹೊರಹೋಗುವಂತಿಲ್ಲ.

ನಮಗೆ ಇದರಲ್ಲಿ ತಪ್ಪೇನು ಅನ್ನಿಸಬಹುದು. ಐಪಿಎಲ್ ಹಾಗೇ ಇದೆಯಲ್ಲ? ಆದರೆ ಐಪಿಎಲ್ ಶುರುವಾದಾಗ ಇಲ್ಲಿ ಮೇಲೇರುವ, ಕೆಳಗಿಳಿಯುವ ನಗರ ತಂಡಗಳ ಏಣಿ ಇರಲೇ ಇಲ್ಲ. ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಯುರೋಪಿನಲ್ಲಿ ಆ ಏಣಿಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಇದ್ದ ಏಣಿಯನ್ನು ಮೇಲೆ ಕೂತವರು ಎಳೆದುಕೊಂಡರು ಅಂತ ಜನ ಸಿಟ್ಟಾದರು. ಲಂಡನ್ನಿನಲ್ಲಿ ಚೆಲ್ಸಿ ಕ್ಲಬ್‌ನ ಸ್ವಂತ ಅಭಿಮಾನಿಗಳೇ ಸ್ಟೇಡಿಯಂ ಮುಂದೆ ರಸ್ತೆಯಲ್ಲಿ ನಿಂತರು. 20ನೇ ತಾರೀಖು ರಾತ್ರಿಯ ಹೊತ್ತಿಗೆ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಅಲ್ಲಿಗೆ ಆ ಯೋಜನೆ ನೆಲಕಚ್ಚಿತು.

1923: ಒಬ್ಬನಿಗಾಗಿ ಬಂದ ಜನ

ಆಟಗಾರನಿಗೆ ಬೆಲೆ ಕಟ್ಟುವುದು ಹೊಸದೇನಲ್ಲ. ಅಮೆರಿಕದ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ಬೇಬ್ ರೂತ್ ಅವರನ್ನು 1919ರ ಕೊನೆಯಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. ಹೌದು, ಮಾರಿತು. ಆಗ ಯಾಂಕೀಸ್‌ಗೆ ಸ್ವಂತ ಮೈದಾನವೂ ಇರಲಿಲ್ಲ. ಜೈಂಟ್ಸ್ ಎಂಬ ಇನ್ನೊಂದು ತಂಡದ ಮೈದಾನದಲ್ಲಿ ಬಾಡಿಗೆಗೆ ಆಡುತ್ತಿದ್ದರು. ರೂತ್ ಚೆಂಡನ್ನು ಮೈದಾನದ ಆಚೆ ಕಳಿಸುವುದನ್ನು ನೋಡೋಕೆ ಜನ ಮುಗಿಬಿದ್ದರು. ಬಾಡಿಗೆಯವರ ಪಂದ್ಯಕ್ಕೇ ಜಾಸ್ತಿ ಜನ ಬಂದರೆ ಮನೆ ಯಜಮಾನನಿಗೆ ಹೇಗಾಗಬೇಡ? ಜೈಂಟ್ಸ್‌ನವರು ಜಾಗ ಖಾಲಿ ಮಾಡಿ ಅಂದರು.

ಯಾಂಕೀಸ್ ತಾವೇ ದೊಡ್ಡ ಸ್ಟೇಡಿಯಂ ಕಟ್ಟಿದರು. ಅದು ತೆರೆದಿದ್ದು 1923ರ ಏಪ್ರಿಲ್ 18. ಎದುರಾಳಿ, ಬೇರೆ ಯಾರೂ ಅಲ್ಲ, ರೂತ್ ಅವರನ್ನು ಮಾರಿದ ಬಾಸ್ಟನ್ ತಂಡವೇ. ರೂತ್ ಮೂರು ರನ್ ತಂದ ಹೋಮ್ ರನ್ ಹೊಡೆದರು, ಯಾಂಕೀಸ್ 4-1ರಿಂದ ಗೆದ್ದಿತು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್‌ನ ಅಣ್ಣ ಅಂದುಕೊಳ್ಳಿ. ಚೆಂಡು ಬೇಲಿ ದಾಟಿದರೆ ಹೊಡೆದವನ ಜೊತೆಗೆ ಆಗ ಬೇಸ್‌ಗಳ (ರನ್ ಗಳಿಸಲು ಒಂದೊಂದಾಗಿ ಓಡಿ ಮುಟ್ಟಬೇಕಾದ ಜಾಗಗಳ) ಮೇಲೆ ನಿಂತಿರುವ ಜೊತೆಗಾರರೆಲ್ಲ ಓಡಿ ಬಂದು ತಲಾ ಒಂದು ರನ್ ಗಳಿಸುತ್ತಾರೆ.

1986, ಶಾರ್ಜಾ: ಕೊನೆಯ ಚೆಂಡು

ಶಾರ್ಜಾದಲ್ಲಿ ಭಾರತ, ಪಾಕಿಸ್ತಾನ ಯಾಕೆ ಆಡುತ್ತಿದ್ದವು ಅನ್ನೋದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಅಬ್ದುಲ್ ರಹಮಾನ್ ಬುಖಾತಿರ್ ಎಂಬ ಅಲ್ಲಿನ ಉದ್ಯಮಿಗೆ ಕ್ರಿಕೆಟ್ ಹುಚ್ಚು. ಮರಳುಗಾಡಿನಲ್ಲಿ ಮೈದಾನ ಮಾಡಿಸಿ, ಹಳೆಯ ಆಟಗಾರರಿಗೆ ಸಹಾಯಧನ ಕೊಡುವ ಟೂರ್ನಿಗಳನ್ನು ನಡೆಸುತ್ತಿದ್ದರು. ನೋಡಲು ಭಾರತ, ಪಾಕಿಸ್ತಾನದಿಂದ ಕೆಲಸಕ್ಕೆ ಹೋಗಿದ್ದ ಜನ ತುಂಬಿಕೊಳ್ಳುತ್ತಿದ್ದರು. ಅಲ್ಲಿ ಆಗ ವಾರದ ರಜೆ ಶುಕ್ರವಾರ. 1986ರ ಏಪ್ರಿಲ್ 18 ಕೂಡ ಶುಕ್ರವಾರವೇ. ಆಸ್ಟ್ರಲ್-ಏಷ್ಯಾ ಕಪ್ ಫೈನಲ್.

ಭಾರತ 50 ಓವರ್‌ನಲ್ಲಿ 7 ವಿಕೆಟ್‌ಗೆ 245. ಗಾವಸ್ಕರ್ 92, ಶ್ರೀಕಾಂತ್ 75. ಪಾಕಿಸ್ತಾನ ಕೊನೆಯ ಓವರ್‌ಗೆ ಬಂದಾಗ ಬೇಕಿದ್ದಿದ್ದು 11. ಬೌಲರ್ ಚೇತನ್ ಶರ್ಮಾ, ಆಗ 20 ವರ್ಷದ ಹುಡುಗ. ಐದನೇ ಚೆಂಡಿಗೆ ಕೊನೆಯ ಬ್ಯಾಟ್ಸ್‌ಮನ್ ತೌಸೀಫ್ ಅಹ್ಮದ್ ಹೇಗೋ ಒಂದು ರನ್ ಓಡಿದರು. ಚೆಂಡು ವಿಕೆಟ್‌ಗೆ ಬಡಿದಿದ್ದರೆ ರನ್ ಔಟ್ ಆಗಿ ಅಲ್ಲಿಗೇ ಮುಗಿಯುತ್ತಿತ್ತು, ಬಡಿಯಲಿಲ್ಲ. ಈಗ ಒಂದು ಚೆಂಡು, ನಾಲ್ಕು ರನ್, ಒಂದೇ ವಿಕೆಟ್ ಬಾಕಿ. ಎದುರಿಗೆ ಜಾವೇದ್ ಮಿಯಾಂದಾದ್.

ಇಂಥ ಹೊತ್ತಿನಲ್ಲಿ ಬೌಲರ್ ಯಾರ್ಕರ್ ಹಾಕಲು ನೋಡುತ್ತಾನೆ. ಬ್ಯಾಟ್ಸ್‌ಮನ್‌ನ ಕಾಲಬೆರಳ ಹತ್ತಿರ ಪಿಚ್ ಆಗುವ ಚೆಂಡು ಅದು. ಬ್ಯಾಟ್ ಬೀಸಲು ಜಾಗವೇ ಸಿಗುವುದಿಲ್ಲ. ಆದರೆ ಅದರಲ್ಲಿ ಒಂದು ಅಪಾಯ ಇದೆ. ಗುರಿ ಒಂದೆರಡು ಅಡಿ ಮುಂದೆ ಹೋದರೂ ಚೆಂಡು ನೆಲ ಮುಟ್ಟದೆ ನೇರ ಬ್ಯಾಟಿಗೇ ಬರುತ್ತದೆ. ಅದೇ ಫುಲ್‌ಟಾಸ್. ಅಂದು ಆಗಿದ್ದು ಅದೇ. ಮಿಯಾಂದಾದ್ ಅದನ್ನು ಎತ್ತಿ ಲೆಗ್ ಸೈಡಿನ ಬೌಂಡರಿ ಆಚೆ ಹಾಕಿದರು. 116, ನಾಟೌಟ್.

ಮುಂದಿನ ವರ್ಷ ನಾಗ್ಪುರದಲ್ಲಿ ಇದೇ ಚೇತನ್ ಶರ್ಮಾ ನ್ಯೂಜಿಲೆಂಡ್ ವಿರುದ್ಧ ಹ್ಯಾಟ್ರಿಕ್ ತೆಗೆದರು. ವಿಶ್ವಕಪ್ ಇತಿಹಾಸದ ಮೊದಲ ಹ್ಯಾಟ್ರಿಕ್ ಅದು. ಆದರೂ ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಆ ಒಂದು ಚೆಂಡು. ಸ್ವಲ್ಪ ಅನ್ಯಾಯವೇ ಅನ್ನಬೇಕು.

1994, ಆಂಟಿಗಾ: ಗೆಲುವೂ ಇಲ್ಲ, ಸೋಲೂ ಇಲ್ಲ

ಬ್ರಯಾನ್ ಲಾರಾ ಆ ಸೋಮವಾರ ಬೆಳಿಗ್ಗೆ 320 ರನ್‌ಗಳೊಂದಿಗೆ ಬ್ಯಾಟಿಂಗ್‌ಗೆ ಇಳಿದರು. ಎದುರಾಳಿ ಇಂಗ್ಲೆಂಡ್. ಮುರಿಯಬೇಕಿದ್ದುದು ಗ್ಯಾರಿ ಸೋಬರ್ಸ್ 1958ರಲ್ಲಿ ಮಾಡಿದ 365ರ ದಾಖಲೆ. 36 ವರ್ಷ ಯಾರೂ ಅದನ್ನು ದಾಟಿರಲಿಲ್ಲ. ಇನ್ನೊಂದು ತುದಿಯಲ್ಲಿ 19 ವರ್ಷದ ಶಿವನಾರಾಯಣ್ ಚಂದ್ರಪಾಲ್ ಜೊತೆಗಿದ್ದರು.

ಕ್ರಿಸ್ ಲೂಯಿಸ್ ಹಾಕಿದ ಶಾರ್ಟ್ ಚೆಂಡನ್ನು ಪುಲ್ ಮಾಡಿ ಬೌಂಡರಿಗೆ ಅಟ್ಟಿದಾಗ ಲಾರಾ 365 ದಾಟಿದರು. ಆ ಹೊಡೆತದಲ್ಲಿ ಅವರ ಪ್ಯಾಡ್ ಸ್ಟಂಪ್‌ಗೆ ತಾಗಿತ್ತು. ಬೇಲ್ಸ್ ಅಲುಗಾಡಿತು, ಬೀಳಲಿಲ್ಲ. ನಿಯಮದ ಪ್ರಕಾರ ಬೇಲ್ಸ್ ಪೂರ್ತಿ ಜಾಗ ಬಿಟ್ಟು ಹೋದರೆ ಮಾತ್ರ ಔಟ್. ಬಿದ್ದಿದ್ದರೆ ಹಿಟ್ ವಿಕೆಟ್ ಆಗುತ್ತಿತ್ತು. ಆ ರನ್ ಕೂಡ ಲೆಕ್ಕಕ್ಕೆ ಬರುತ್ತಿರಲಿಲ್ಲ, ಸೋಬರ್ಸ್ ದಾಖಲೆ ಹಾಗೇ ಉಳಿಯುತ್ತಿತ್ತು. ಸ್ವತಃ ಸೋಬರ್ಸ್ ಮೈದಾನಕ್ಕೆ ಇಳಿದು ಬಂದು ಲಾರಾ ಅವರನ್ನು ಅಪ್ಪಿಕೊಂಡರು. ಕೊನೆಗೆ 375ಕ್ಕೆ ಔಟ್, ವೆಸ್ಟ್ ಇಂಡೀಸ್ 5 ವಿಕೆಟ್‌ಗೆ 593ಕ್ಕೆ ಡಿಕ್ಲೇರ್.

ಇಂಗ್ಲೆಂಡ್ ಮರಳಿ ಗಳಿಸಿದ್ದು ಎಷ್ಟು ಗೊತ್ತಾ? ಅದೂ 593. ಪಂದ್ಯ ಡ್ರಾ. ಐದು ದಿನ ಆಡಿ ಯಾರೂ ಗೆಲ್ಲಲಿಲ್ಲ ಅಂದರೆ ಅಮೆರಿಕದವರಿಗೆ ನಂಬೋಕೇ ಆಗುವುದಿಲ್ಲ. ಅವರ ಬೇಸ್‌ಬಾಲ್‌ನಲ್ಲಿ ಡ್ರಾ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಅದರ ಪರಿಣಾಮ ಏನಾಗುತ್ತದೆ ಅಂತ ತಿಳಿಯಲು 1981ಕ್ಕೆ ಹೋಗಬೇಕು.

1981, ಪಾಟಕೆಟ್: ಮುಗಿಯದ ಪಂದ್ಯ

ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್. ಒಂದು ಇನಿಂಗ್ಸ್ ಅಂದರೆ ಎರಡೂ ತಂಡ ಒಮ್ಮೊಮ್ಮೆ ಬ್ಯಾಟ್ ಮಾಡುವುದು. ಮೂರು ಜನ ಔಟಾದರೆ ಸರದಿ ಮುಗಿಯಿತು. ಒಂಬತ್ತು ಮುಗಿದಾಗ ರನ್ ಸಮ ಇದ್ದರೆ ಹತ್ತನೆಯದು, ಹನ್ನೊಂದನೆಯದು, ಹೀಗೆ ಒಬ್ಬರು ಮುಂದೆ ಹೋಗುವವರೆಗೆ ಆಡುತ್ತಲೇ ಇರಬೇಕು.

ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲೆಂಡ್‌ನ ಪಾಟಕೆಟ್ ಊರಲ್ಲಿ ಏಪ್ರಿಲ್ 18ರ ರಾತ್ರಿ ಅಲ್ಲಿಯ ತಂಡಕ್ಕೂ ರಾಚೆಸ್ಟರ್ ತಂಡಕ್ಕೂ ಪಂದ್ಯ. ಇವು ಮೈನರ್ ಲೀಗ್ ತಂಡಗಳು. ದೊಡ್ಡ ತಂಡಗಳು ತಮ್ಮ ಹುಡುಗರನ್ನು ತಯಾರು ಮಾಡಲು ಇಟ್ಟುಕೊಂಡಿರುವ ಕೆಳಹಂತದ ತಂಡಗಳು. ಸಂಬಳ ಕಡಿಮೆ, ಕನಸು ದೊಡ್ಡದು. ಲೈಟ್ ಕೆಟ್ಟು ಪಂದ್ಯ ಅರ್ಧ ಗಂಟೆ ತಡವಾಗಿ ಶುರುವಾಯಿತು. ಒಂಬತ್ತು ಇನಿಂಗ್ಸ್ ಮುಗಿದಾಗ 1-1.

ಆಮೇಲೆ ಹತ್ತು, ಹದಿನೈದು, ಇಪ್ಪತ್ತು. ಚಳಿ ಕೊರೆಯುತ್ತಿತ್ತು. ಆಟಗಾರರು ಮುರಿದ ಬ್ಯಾಟ್‌ಗಳನ್ನು ಒಟ್ಟಿ ಬೆಂಕಿ ಹಾಕಿ ಕೈ ಕಾಯಿಸಿಕೊಂಡರು. 21ನೇ ಇನಿಂಗ್ಸ್‌ನಲ್ಲಿ ರಾಚೆಸ್ಟರ್ ಒಂದು ರನ್ ಮುಂದೆ ಹೋಯಿತು. ಸದ್ಯ ಮುಗೀತಲ್ಲ ಅನ್ನುವಷ್ಟರಲ್ಲಿ ಪಾಟಕೆಟ್‌ನ ವೇಡ್ ಬಾಗ್ಸ್ ಚೆಂಡನ್ನು ಜೋರಾಗಿ ಬಾರಿಸಿ ಮತ್ತೆ ಸಮ ಮಾಡಿದರು. 2-2.

ಇಷ್ಟು ಹೊತ್ತು ಯಾಕೆ ಬಿಟ್ಟರು? ಮಧ್ಯರಾತ್ರಿ 12.50ರ ಮೇಲೆ ಹೊಸ ಇನಿಂಗ್ಸ್ ಶುರು ಮಾಡಬಾರದು ಅಂತ ಲೀಗ್‌ನಲ್ಲಿ ನಿಯಮ ಇತ್ತು. ಆದರೆ ಆ ವರ್ಷ ಅಂಪೈರ್‌ಗಳ ಕೈಗೆ ಕೊಟ್ಟ ನಿಯಮಾವಳಿಯಲ್ಲಿ ಅದು ಬಿಟ್ಟುಹೋಗಿತ್ತು. ಪುಸ್ತಕದಲ್ಲಿ ಇಲ್ಲ ಅಂದಮೇಲೆ ಅಂಪೈರ್ ಹೇಗೆ ನಿಲ್ಲಿಸುತ್ತಾರೆ? ಕೊನೆಗೆ ಲೀಗ್ ಅಧ್ಯಕ್ಷರು ಫೋನಿನಲ್ಲಿ ಸಿಕ್ಕಾಗ ಮೂರು ಗಂಟೆ ದಾಟಿತ್ತು. ನಡೀತಿರೋ ಇನಿಂಗ್ಸ್ ಮುಗಿಸಿ ನಿಲ್ಲಿಸಿ ಅಂದರು. 32 ಇನಿಂಗ್ಸ್ ಮುಗಿದಾಗ ಬೆಳಗಿನ ಜಾವ 4.07. ಅವತ್ತು ಈಸ್ಟರ್ ಹಬ್ಬ. ಗ್ಯಾಲರಿಯಲ್ಲಿ ಉಳಿದಿದ್ದವರು 19 ಜನ.

ಪಂದ್ಯ ಮತ್ತೆ ಮುಂದುವರಿದಿದ್ದು ಜೂನ್ 23ರಂದು. ಅಷ್ಟರಲ್ಲಿ ದೊಡ್ಡ ಲೀಗ್‌ನ ಆಟಗಾರರು ಮುಷ್ಕರ ಹೂಡಿದ್ದರು. ಬರೆಯಲು ಬೇರೆ ಬೇಸ್‌ಬಾಲ್ ಇಲ್ಲದ ಪತ್ರಕರ್ತರೆಲ್ಲ ಪಾಟಕೆಟ್‌ಗೆ ಬಂದರು. ಗ್ಯಾಲರಿ ತುಂಬಿತು. ಆಟ ನಡೆದಿದ್ದು ಬರೀ 18 ನಿಮಿಷ. 33ನೇ ಇನಿಂಗ್ಸ್‌ನಲ್ಲಿ ಪಾಟಕೆಟ್ 3-2ರಿಂದ ಗೆದ್ದಿತು. ಅಂದು ಆಡಿದ ಬಾಗ್ಸ್ ಮತ್ತು ರಾಚೆಸ್ಟರ್‌ನ ಕ್ಯಾಲ್ ರಿಪ್ಕನ್ ಮುಂದೆ ಅಮೆರಿಕದ ದೊಡ್ಡ ತಾರೆಯರಾದರು.

ಇಂಥದ್ದು ಈಗ ನಡೆಯುವುದು ಕಷ್ಟ. ಹೆಚ್ಚುವರಿ ಇನಿಂಗ್ಸ್ ಬೇಗ ಮುಗಿಯಲಿ ಅಂತ ಈಗ ಒಬ್ಬ ಓಟಗಾರನನ್ನು ಮೊದಲೇ ಎರಡನೇ ಬೇಸ್‌ನಲ್ಲಿ ನಿಲ್ಲಿಸುತ್ತಾರೆ. ನಮ್ಮ ಸೂಪರ್ ಓವರ್ ಕೂಡ ಇದೇ ತೊಂದರೆಗೆ ಕಂಡುಕೊಂಡ ಇನ್ನೊಂದು ಉಪಾಯ. ಟಿವಿಯವರಿಗೆ ಮುಂದಿನ ಕಾರ್ಯಕ್ರಮ ಇರುತ್ತದೆ, ಪ್ರೇಕ್ಷಕರಿಗೆ ಕೊನೆಯ ಬಸ್ ಇರುತ್ತದೆ.

2011, ಬಾಸ್ಟನ್: ಅತಿ ವೇಗ, ಆದರೆ ದಾಖಲೆ ಅಲ್ಲ

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್ ಓಟ. 2011ರ ಏಪ್ರಿಲ್ 18ರಂದು ಕೀನ್ಯಾದ ಜೆಫ್ರಿ ಮುಟಾಯ್ ಅದನ್ನು 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಮುಗಿಸಿದರು. ಆಗಿನ ವಿಶ್ವದಾಖಲೆ 2:03:59. ಸುಮಾರು ಒಂದು ನಿಮಿಷ ಕಡಿಮೆ! ನಾಲ್ಕು ಸೆಕೆಂಡ್ ಹಿಂದೆ ಬಂದ ಮೋಸೆಸ್ ಮೊಸೊಪ್ ಕೂಡ ದಾಖಲೆಗಿಂತ ವೇಗವಾಗಿ ಓಡಿದ್ದರು. ಆದರೆ ಇಬ್ಬರಿಗೂ ದಾಖಲೆ ಸಿಗಲಿಲ್ಲ.

ಕಾರಣ ದಾರಿ. ಮ್ಯಾರಥಾನ್ ರಸ್ತೆಯಲ್ಲಿ ನಡೆಯುತ್ತದೆ, ಒಂದೊಂದು ಊರಿನ ರಸ್ತೆ ಒಂದೊಂದು ಥರ. ಅವುಗಳನ್ನು ಹೋಲಿಸಲು ಅಂತಾರಾಷ್ಟ್ರೀಯ ಸಂಸ್ಥೆ ಎರಡು ಷರತ್ತು ಇಟ್ಟಿದೆ. ಒಂದು, ಶುರುವಿನ ಜಾಗಕ್ಕಿಂತ ಮುಗಿಯುವ ಜಾಗ ಕಿಲೋಮೀಟರಿಗೆ ಒಂದು ಮೀಟರಿಗಿಂತ ಜಾಸ್ತಿ ತಗ್ಗಿನಲ್ಲಿ ಇರಬಾರದು. ಅಂದರೆ ಒಟ್ಟು 42 ಮೀಟರ್. ಎರಡು, ಶುರು ಮತ್ತು ಕೊನೆಯ ನಡುವಿನ ನೇರ ದೂರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು.

ಎರಡನೆಯದು ಯಾಕೆ ಅಂತ ಕೇಳಬಹುದು. ಗಾಳಿಗಾಗಿ. ಓಟಗಾರರು ಒಂದೇ ದಿಕ್ಕಿಗೆ ಓಡುತ್ತಾ ಹೋದರೆ ಬೆನ್ನಿನ ಗಾಳಿ ಉದ್ದಕ್ಕೂ ತಳ್ಳುತ್ತದೆ. ಸುತ್ತಿ ಬಂದರೆ ತಳ್ಳಿದ ಗಾಳಿಯೇ ವಾಪಸ್ ಬರುವಾಗ ಎದುರಿಗೆ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ. ಬಾಸ್ಟನ್ ಮ್ಯಾರಥಾನ್ ಹಾಪ್‌ಕಿಂಟನ್ ಎಂಬ ಊರಿನಲ್ಲಿ ಶುರುವಾಗಿ ಹೆಚ್ಚುಕಮ್ಮಿ ನೇರ ಪೂರ್ವಕ್ಕೆ ಬಾಸ್ಟನ್ ನಗರಕ್ಕೆ ಹೋಗುತ್ತದೆ. ಒಟ್ಟು ಇಳಿಕೆ ಸುಮಾರು 140 ಮೀಟರ್. ಅಂದು ಜೋರು ಗಾಳಿ ಬೆನ್ನ ಹಿಂದಿನಿಂದಲೇ ಬೀಸುತ್ತಿತ್ತು.

ಹಾಗಂತ ಬಾಸ್ಟನ್ ಸುಲಭದ ಓಟ ಅಂದುಕೊಳ್ಳಬೇಡಿ. ಕಾಲು ಸೋತಿರುವ ಹೊತ್ತಿಗೆ, ಸುಮಾರು 32ನೇ ಕಿಲೋಮೀಟರಿನಲ್ಲಿ, ಒಂದು ಏರು ಸಿಗುತ್ತದೆ. ಅದಕ್ಕೆ ‘ಹಾರ್ಟ್‌ಬ್ರೇಕ್ ಹಿಲ್’ ಅಂತಲೇ ಹೆಸರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ಯಾಟ್ರಿಕ್ ಮಕಾವು ಬರ್ಲಿನ್‌ನಲ್ಲಿ 2:03:38ಕ್ಕೆ ಓಡಿದರು. ಮುಟಾಯ್‌ಗಿಂತ 36 ಸೆಕೆಂಡ್ ನಿಧಾನ, ಆದರೆ ವಿಶ್ವದಾಖಲೆ ಅವರದಾಯಿತು.

ಇನ್ನಿಬ್ಬರು

1966ರ ಏಪ್ರಿಲ್ 18ರಂದು ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಬಿಲ್ ರಸೆಲ್ ಅವರನ್ನು ಮುಂದಿನ ಕೋಚ್ ಎಂದು ಹೆಸರಿಸಿತು. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಒಬ್ಬ ಕಪ್ಪು ಮನುಷ್ಯ ಮುಖ್ಯ ಕೋಚ್ ಆಗಿದ್ದು ಅದೇ ಮೊದಲು. ಅವರು ಆಡುತ್ತಲೇ ಕೋಚ್ ಕೆಲಸವನ್ನೂ ಮಾಡಿ 1968, 1969ರಲ್ಲಿ ಪ್ರಶಸ್ತಿ ಗೆಲ್ಲಿಸಿದರು.

1999ರ ಏಪ್ರಿಲ್ 18 ವೇಯ್ನ್ ಗ್ರೆಟ್ಸ್ಕಿ ಅವರ ಕೊನೆಯ ಪಂದ್ಯ. ಅಮೆರಿಕ, ಕೆನಡಾದ ಐಸ್ ಹಾಕಿಯಲ್ಲಿ ಆಟಗಾರನ ಹೆಸರಿಗೆ ಗೋಲಿಗೊಂದು ಪಾಯಿಂಟ್, ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್‌ಗೂ ಒಂದು ಪಾಯಿಂಟ್. ಗ್ರೆಟ್ಸ್ಕಿ ಲೀಗ್ ಪಂದ್ಯಗಳಲ್ಲಿ 894 ಗೋಲ್ ಹೊಡೆದು 1,963 ಪಾಸ್ ಕೊಟ್ಟವರು. ಅವರ ಗೋಲುಗಳನ್ನೆಲ್ಲ ಅಳಿಸಿಹಾಕಿ, ಬರೀ ಪಾಸ್ ಲೆಕ್ಕ ಹಿಡಿದರೂ ಬೇರೆ ಯಾವ ಆಟಗಾರನ ಒಟ್ಟು ಪಾಯಿಂಟ್‌ಗಿಂತ ಜಾಸ್ತಿ. ಆ ದಿನದಿಂದ 99 ನಂಬರಿನ ಅಂಗಿಯನ್ನು ಇಡೀ ಲೀಗ್‌ನಲ್ಲಿ ಯಾರಿಗೂ ಕೊಡುವುದಿಲ್ಲ.

ಯಾವ ದೇಶದ 18?

ಒಂದು ಗೊಂದಲ ಉಳಿಯಿತು. ತಾರೀಖು ನಾವು ಕೂತಿರುವ ಜಾಗದ ಮೇಲೆ ಹೋಗುತ್ತದೆ. ಗ್ರೆಟ್ಸ್ಕಿ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಆಡುತ್ತಿದ್ದಾಗ ಇಲ್ಲಿ 19ನೇ ತಾರೀಖು ಹುಟ್ಟಿತ್ತು. ಸೂಪರ್ ಲೀಗ್ ಸುದ್ದಿಯನ್ನು ನಾವು ನೋಡಿದ್ದು ಸೋಮವಾರ ಬೆಳಿಗ್ಗೆ ಎದ್ದಮೇಲೆ. ದಾಖಲೆ ಪುಸ್ತಕಗಳು ಪಂದ್ಯ ನಡೆದ ಊರಿನ ತಾರೀಖನ್ನೇ ಹಿಡಿಯುತ್ತವೆ.

ಅದಕ್ಕಿಂತ ವಿಚಿತ್ರ ಬೇಸ್‌ಬಾಲ್‌ನದು. ನಡುವೆ ನಿಂತು ಇನ್ನೊಂದು ದಿನ ಮುಗಿದ ಪಂದ್ಯವನ್ನು ಅಲ್ಲಿ ಶುರುವಾದ ದಿನದ ಖಾತೆಗೇ ಬರೆಯುತ್ತಾರೆ. ಇದರಿಂದ ಹುವಾನ್ ಸೊಟೊ ಎಂಬ ಆಟಗಾರನಿಗೆ ಒಂದು ತಮಾಷೆ ಆಗಿದೆ. ವಾಷಿಂಗ್ಟನ್ ತಂಡಕ್ಕೆ ಅವರು ಮೊದಲು ಆಡಿದ್ದು 2018ರ ಮೇ 20ರಂದು. ಮೇ 15ರಂದು ಮಳೆಗೆ ನಿಂತಿದ್ದ ಪಂದ್ಯವೊಂದು ಜೂನ್ 18ರಂದು ಮುಂದುವರಿದಾಗ ಅವರು ಅದರಲ್ಲಿ ಬ್ಯಾಟ್ ಹಿಡಿದು ಹೋಮ್ ರನ್ ಹೊಡೆದರು. ಪುಸ್ತಕದಲ್ಲಿ ಅದು ಮೇ 15ರ ಹೋಮ್ ರನ್. ತಂಡ ಸೇರುವುದಕ್ಕೆ ಐದು ದಿನ ಮುಂಚೆಯೇ ಹೊಡೆದಿದ್ದು!